ಮುಡಿಪಿನ ಮೂರು ಒರತೆಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಜನಕ್ಕೆ ಗುಡ್ಡವೂ ಹೊಸದಲ್ಲ, ನೀರಿನ ಬೆಲೆಯೂ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಶಾಸನ ಅಶೋಕನ ಹೆಸರನ್ನು ಲೋಕಕ್ಕೆ ಸಾರಿತು. ಧರ್ಮದ ಫಲ ಹಿರಿಯರಿಗಷ್ಟೇ ಮೀಸಲಲ್ಲ, ಕಿರಿಯನಿಗೂ ಎಟುಕುವಂಥದು ಎಂಬುದೇ ಆ ಬರಹದ ತಿರುಳು. ಸಮೀಪದ ಮುದಗಲ್ಲಿನಲ್ಲಿ ಹಳೆಯ ಕಥೋಲಿಕ ಇಗರ್ಜಿಯೂ ಉಂಟು. ಆದುದರಿಂದ ಈ ಸೀಮೆಯ ಯಾತ್ರಿಕನಿಗೆ ಕ್ರೈಸ್ತ ಸಂತನೊಬ್ಬನ ಗುಡ್ಡ ಪರಕೀಯವೆನಿಸದು.

ಅಂಥ ಗುಡ್ಡವೊಂದು ದಕ್ಷಿಣ ಕನ್ನಡದಲ್ಲಿದೆ. ಮಂಗಳೂರಿನಿಂದ ಕೊಣಾಜೆಯ ಮಾರ್ಗವಾಗಿ ಸಾಗಿದರೆ ಮುಡಿಪು ಸಿಗುತ್ತದೆ. ಸಂತನು ಕುಳಿತು ತಪಸ್ಸು ಮಾಡಿದ ಗವಿಯನ್ನು ಇಲ್ಲಿ ಹುಡುಕಿದವನು ನಿರಾಶನಾದಾನು. ಜೋಸೆಫ್ ವಾಜ್ ಒಂದೆಡೆ ಕುಳಿತವರಲ್ಲ, ನಡೆದವರು. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಆ ಪಾದ್ರಿಗಳು 1681ರಲ್ಲಿ ಕೆನರಾ ಸೀಮೆಗೆ ಬಂದು, 1684ರವರೆಗೆ ಇಲ್ಲಿ ಸೇವೆ ಸಲ್ಲಿಸಿದರು. ಆಗ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆ.

ಐತಿಹ್ಯ ಹೀಗಿದೆ: ಒಂದು ರಾತ್ರಿ, ಸಾಯುತ್ತಿರುವ ರೋಗಿಯ ನೆಪ ಹೇಳಿ ವೈರಿಗಳು ಅವರನ್ನು ಈ ಗುಡ್ಡಕ್ಕೆ ಕರೆತಂದರು. ಉದ್ದೇಶ ಕೊಲೆ. ಪಾದ್ರಿಗಳು ಮಂಡಿಯೂರಿ ಪ್ರಾರ್ಥಿಸಿದರು. ಎರಡು ಮಂಡಿಗಳೂ ಊರುಗೋಲೂ ತಾಗಿದ ಮೂರು ಎಡೆಗಳಲ್ಲಿ ನೀರು ಚಿಮ್ಮಿತಂತೆ!

ಕಲ್ಲಿನಲ್ಲಿ ನೀರೇ ಎಂದು ವಿಚಾರವಂತನು ಕೇಳಬಹುದು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಮೆಲ್ಲನೆ ಒಸರುವುದು ಕರಾವಳಿಯ ಮುರಕಲ್ಲಿಗೆ ಸಹಜವೇ. ಆದರೆ ಕಥೆಯ ಜೀವ ನೀರಿನಲ್ಲಿಲ್ಲ. ಕತ್ತಲೆಯಲ್ಲಿ ಬಂದ ಕರೆಗೆ ಆತ ಎದ್ದು ಹೊರಟುದರಲ್ಲಿದೆ. ಅದಕ್ಕೆ ಚರಿತ್ರೆಯ ಸಾಕ್ಷಿಯೂ ಉಂಟು. ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಅವರು ವೇಷ ಮರೆಸಿಕೊಂಡು ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ಅವರ ಬಳಿ ಉಳಿದವರು ಈ ಪಾದ್ರಿಗಳು. 1711ರಲ್ಲಿ ಅಲ್ಲಿಯೇ ಕಾಲವಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಮಸ್ಕಿಯ ಗುಡ್ಡದಲ್ಲಿ ಚಕ್ರವರ್ತಿಯ ಮಾತು ಕಲ್ಲಿನಲ್ಲಿ ಉಳಿದಿದೆ. ಮುಡಿಪಿನ ಗುಡ್ಡದಲ್ಲಿ ಬಡ ಪಾದ್ರಿಯೊಬ್ಬನ ಒಂದು ರಾತ್ರಿಯ ನೆನಪು ನೀರಿನಲ್ಲಿ ಉಳಿದಿದೆ. ಬರಗಾಲವನ್ನು ಕಂಡ ಸೀಮೆಯ ಯಾತ್ರಿಕನು ಆ ನೀರನ್ನು ಬೊಗಸೆಯಲ್ಲಿ ಹಿಡಿದಾಗ ಅದು ಯಾವ ಮತದ್ದೆಂದು ಕೇಳಲಾರ. ತನ್ನ ಬಾಗಿಲಿಗೆ ಕರೆ ಬಂದ ರಾತ್ರಿ ತಾನು ಎದ್ದಿದ್ದೆನೇ ಎಂದು ಮಾತ್ರ ಕೇಳಿಕೊಂಡಾನು.