ಫೈಲ್ ಕಳಿಸಲು ಎಷ್ಟು ದೊಡ್ಡ ಆ್ಯಪ್ ಬೇಕು?

ಒಂದು ಫೋನಿನಿಂದ ಇನ್ನೊಂದಕ್ಕೆ ಫೈಲ್ ದಾಟಿಸುವುದು ಬೇಗ ಮುಗಿಯಬೇಕಾದ ಕೆಲಸ. ಅದಕ್ಕೆಂದೇ ಹುಟ್ಟಿದ ಆ್ಯಪ್‌ಗಳು ವಿಡಿಯೊ, ಗೇಮ್, ಜಾಹೀರಾತುಗಳಿಂದ ಊದಿಕೊಂಡದ್ದೇಕೆ? ಬಳಸುವವರ ಬೇಡಿಕೆ ಬೆಳೆಯಿತು, ಜೊತೆಗೆ ಆ್ಯಪೂ ಬೆಳೆಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟರಷ್ಟೇ ಹಣ ಕಾಣುವ ವ್ಯಾಪಾರದ ಕೈಗೆ ಇಂಥ ಕೆಲಸ ಸಿಕ್ಕಿತು. ಊದುವಿಕೆ ಅದರ ಫಲ.

ಮುಂಬೈಯ ಸಯನ್‌ನ ಗೋಕುಲದಲ್ಲೋ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ನಡೆದ ಕಾರ್ಯಕ್ರಮದ 1 ಜಿಬಿ ವಿಡಿಯೊವನ್ನು 2015ರ ಸುಮಾರಿನಲ್ಲಿ ಪಕ್ಕದವರಿಗೆ ಕೊಡುವುದೆಂದರೆ ಸಣ್ಣ ಮಾತಲ್ಲ. ಅಷ್ಟು ಡೇಟಾಗೆ ಸುಮಾರು 250 ರೂಪಾಯಿ ಬೀಳುತ್ತಿತ್ತು. ಬ್ಲೂಟೂತ್‌ನಲ್ಲಿ ಸೆಕೆಂಡಿಗೆ 3 ಮೆಗಾಬಿಟ್‌ನ ಪೂರ್ಣ ವೇಗ ಸಿಕ್ಕರೂ ಮುಕ್ಕಾಲು ಗಂಟೆ ಬೇಕು; ಸಯನ್‌ನಲ್ಲಿ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೂ ಫೈಲ್ ಪೂರ್ತಿ ಹೋಗಿರುವುದಿಲ್ಲ. ಶೇರ್‌ಇಟ್, ಕ್ಸೆಂಡರ್ ಎಂಬ ಆ್ಯಪ್‌ಗಳು ಈ ತೊಡಕನ್ನು ಸೊಗಸಾಗಿ ಬಗೆಹರಿಸಿದವು. ಒಂದು ಫೋನು ತಾನೇ ಹಾಟ್‌ಸ್ಪಾಟ್ ಆಗುತ್ತಿತ್ತು, ಇನ್ನೊಂದು ಅದಕ್ಕೆ ಸೇರಿಕೊಳ್ಳುತ್ತಿತ್ತು. ಇಂಟರ್‌ನೆಟ್ ಬೇಡ, ಕಾಸು ಬೇಡ, ನಿಮಿಷಗಳಲ್ಲಿ ಕೆಲಸ ಮುಗಿಯುತ್ತಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಈ ಆ್ಯಪ್‌ಗಳ ಅಗತ್ಯವೇ ತಗ್ಗತೊಡಗಿತು. ಬೇಡಿಕೆಯಿಂದಲೇ ಆ್ಯಪ್ ಬೆಳೆಯುವುದಾದರೆ ಅವು ಆಗ ಇನ್ನಷ್ಟು ಹಗುರಾಗಬೇಕಿತ್ತು. ಆದದ್ದು ತಿರುಗುಮುರುಗು. ಶೇರ್‌ಇಟ್ 2018ರಲ್ಲಿ ಫಾಸ್ಟ್‌ಫಿಲ್ಮ್ಜ್ ಎಂಬ ಭಾರತೀಯ ಸಿನಿಮಾ ಆ್ಯಪನ್ನು ಕೊಂಡುಕೊಂಡಿತು. ಹಾಡು, ವಿಡಿಯೊ, ಗೇಮ್ ಒಳಗೆ ಬಂದವು. ಕಂಪ್ಯೂಟರ್ ಲೋಕದಲ್ಲಿ ಫೈಲ್ ಇಳಿಸಿಕೊಳ್ಳಲು ಬಳಸುವ ಮ್ಯೂಟೊರೆಂಟ್ ಪ್ರೋಗ್ರಾಂನ ಕಥೆಯೂ ಇದೇ. 2005ರಲ್ಲಿ ಅದು 1 ಎಂಬಿಗಿಂತ ಚಿಕ್ಕದಿತ್ತು, ಅದರ ಹೆಸರಿದ್ದದ್ದೇ ಆ ಹಗುರತನಕ್ಕೆ. 2006ರಲ್ಲಿ ಬಿಟ್‌ಟೊರೆಂಟ್ ಕಂಪನಿ ಅದನ್ನು ಕೊಂಡಿತು, 2012ರಲ್ಲಿ ಜಾಹೀರಾತು ಬಂತು. 2015ರಲ್ಲಿ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ಮಾಡುವ ಎಪಿಕ್ ಸ್ಕೇಲ್ ಎಂಬ ಪ್ರೋಗ್ರಾಂ ಅದರ ಇನ್‌ಸ್ಟಾಲರ್‌ನೊಂದಿಗೆ ಬಂದಾಗ ಬಳಕೆದಾರರು ಸಿಡಿದೆದ್ದರು.

ಬೇಡದ್ದನ್ನು ಮುಟ್ಟದಿದ್ದರಾಯಿತಲ್ಲ ಎಂಬ ಆಕ್ಷೇಪ ಬರಬಹುದು. ಮುಟ್ಟದಿದ್ದರೂ ಅದು ಫೋನಿನಲ್ಲಿ ಜಾಗ ತಿನ್ನುತ್ತದೆ, ಕಳ್ಳರಿಗೆ ಕಿಂಡಿಯನ್ನೂ ತೆರೆದಿಡುತ್ತದೆ. ನೂರು ಕೋಟಿಗೂ ಹೆಚ್ಚು ಡೌನ್‌ಲೋಡ್ ಕಂಡಿದ್ದ ಶೇರ್‌ಇಟ್‌ನ ಭದ್ರತಾ ದೋಷಗಳನ್ನು ಟ್ರೆಂಡ್ ಮೈಕ್ರೊ ಸಂಸ್ಥೆ 2021ರ ಫೆಬ್ರವರಿಯಲ್ಲಿ ಬಯಲಿಗೆಳೆಯಿತು. ಅವುಗಳಲ್ಲಿ ಕೆಲವು ಇದ್ದದ್ದು ಗೇಮ್ ವಿಭಾಗದಲ್ಲಿ, ಬೇರೆ ಆ್ಯಪ್ ಇನ್‌ಸ್ಟಾಲ್ ಮಾಡಿಸುವ ಸೌಲಭ್ಯದಲ್ಲಿ. ಸರಿಪಡಿಸಿದ್ದೇವೆಂದು ಕಂಪನಿ ಹೇಳಿತು, ನಿಜ. ಆದರೆ ಫೈಲ್ ದಾಟಿಸಲು ಬಂದವರಿಗೆ ಆ ಅಪಾಯ ಏಕೆ ಬೇಕಿತ್ತು? ಭಾರತದಲ್ಲಿ ಶೇರ್‌ಇಟ್, ಕ್ಸೆಂಡರ್ ಸೇರಿ 59 ಆ್ಯಪ್‌ಗಳು 2020ರ ಜೂನ್ 29ರಂದೇ ನಿಷೇಧವಾಗಿದ್ದವು. ಆ ನಿಷೇಧಕ್ಕೆ ದೇಶದ ಸಾರ್ವಭೌಮತೆ, ಭದ್ರತೆಗಳ ಕಾರಣ ಕೊಡಲಾಗಿತ್ತು. ಊದುವಿಕೆಯ ಸಮಸ್ಯೆಯನ್ನು ಅದು ಮುಟ್ಟಲೇ ಇಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಪುಕ್ಕಟೆ ಕೊಟ್ಟವರು ಹೊಟ್ಟೆಗೇನು ಮಾಡಬೇಕು? ದುಡಿದವರಿಗೆ ಕೂಲಿ ಸಿಗಲೇಬೇಕು. ಅದಕ್ಕೇ ಈ ಕೆಲಸ ಫೋನಿನ ಮೂಲ ಸೌಕರ್ಯವಾಗಿರಬೇಕು ಎನ್ನುವುದು. ಅದರ ಬೆಲೆ ಫೋನಿನ ಬೆಲೆಯಲ್ಲೇ ಸೇರಿರುತ್ತದೆ. ಗೂಗಲ್ 2020ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲೇ ನಿಯರ್‌ಬೈ ಶೇರ್ ತಂದಿತು, ಈಗ ಅದು ಕ್ವಿಕ್ ಶೇರ್. ಹಾಗಾದರೆ ಎಲ್ಲವೂ ದೈತ್ಯ ಕಂಪನಿಗಳ ಕೈಗೆ ಹೋಗುವುದಿಲ್ಲವೇ? ಹೋಗುತ್ತದೆ, ಫೋನುಗಳು ಪರಸ್ಪರ ಮಾತಾಡುವ ನಿಯಮಗಳು ಮುಕ್ತವಾಗಿರದಿದ್ದರೆ. ಆಪಲ್‌ನ ಏರ್‌ಡ್ರಾಪ್ ಬಹುಕಾಲ ಆಂಡ್ರಾಯ್ಡ್ ಜೊತೆ ಮಾತೇ ಆಡಲಿಲ್ಲ. ಅತ್ತ ಯಾರು ಬೇಕಾದರೂ ಕೋಡ್ ಓದಬಹುದಾದ ಲೋಕಲ್‌ಸೆಂಡ್ ಎರಡೂ ಬಗೆಯ ಫೋನುಗಳಲ್ಲಿ, ಇಂಟರ್‌ನೆಟ್ ಇಲ್ಲದೆ, ಜಾಹೀರಾತಿಲ್ಲದೆ ಇದೇ ಕೆಲಸ ಮಾಡುತ್ತಿದೆ.

ಎಲ್ಲರೂ ಒಪ್ಪುವ ನಿಯಮ ಹಣದ ವಿಷಯದಲ್ಲಿ ಆಗಲೇ ಇದೆ: ಸಯನ್ ಮಾರ್ಕೆಟ್‌ನಲ್ಲಿ ತರಕಾರಿಯವರ ಕ್ಯೂಆರ್ ಕೋಡ್‌ಗೆ ಯಾವ ಯುಪಿಐ ಆ್ಯಪ್‌ನಿಂದಲೂ ಹಣ ಹೋಗುತ್ತದೆ. ಆ ಆ್ಯಪ್‌ಗಳೂ ಸಾಲ, ವಿಮೆ ತುಂಬಿಕೊಂಡಿವೆ. ಆದರೆ ಒಂದು ಬೇಸರವಾದರೆ ಇನ್ನೊಂದಕ್ಕೆ ಹೋಗಬಹುದು, ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಫೈಲ್ ದಾಟಿಸಲೂ ಎಲ್ಲ ಫೋನುಗಳು ಒಪ್ಪುವ ಇಂಥದೇ ಒಂದು ನಿಯಮ ಬೇಕು. ನಮ್ಮ ಸರ್ಕಾರ ಹಣದ ವಿಷಯದಲ್ಲಿ ತೋರಿದ ಆಸ್ಥೆಯನ್ನು ಇಲ್ಲೂ ತೋರಿ, ಆ ನಿಯಮ ಪಾಲಿಸುವಂತೆ ಫೋನ್ ಕಂಪನಿಗಳನ್ನು ಒತ್ತಾಯಿಸಬೇಕು.