ಕೊಳವೆಯ ದಪ್ಪವೋ, ಜೋಡಣೆಯ ಬಿಗಿಯೋ?

ಗೋಡೆಯೊಳಗೆ ಹುದುಗಿರುವ ವಿದ್ಯುತ್ ತಂತಿಗಳನ್ನು ನಾವು ಕಾಣುವುದಿಲ್ಲ. ಅವುಗಳನ್ನು ಕಾಯುತ್ತಿರುವ ಕೊಳವೆಗಳನ್ನಂತೂ ನೆನೆಯುವುದೇ ಇಲ್ಲ. ಆದರೂ ಲೋಹದ ಕೊಳವೆಗೆ ಎರಡು ಹೊಣೆಗಳುಂಟು. ತಂತಿಗೆ ಪೆಟ್ಟು ತಗುಲದಂತೆ ನೋಡಿಕೊಳ್ಳುವುದು ಒಂದು. ತಂತಿಯ ಹೊದಿಕೆ ಹರಿದು ವಿದ್ಯುತ್ತು ಕೊಳವೆಗೆ ಸೋರಿದಾಗ ಅದನ್ನು ಸುರಕ್ಷಿತವಾಗಿ ಹಿಂದಕ್ಕೊಯ್ಯುವುದು ಇನ್ನೊಂದು. ಇಂತಹ ಕೊಳವೆಗಳನ್ನು ಒಂದಕ್ಕೊಂದು ಹೇಗೆ ಜೋಡಿಸಬೇಕೆಂಬ ವಿಷಯದಲ್ಲಿ ಅಮೆರಿಕದ ವಿದ್ಯುತ್ ಕೆಲಸಗಾರರಲ್ಲಿ ಹಳೆಯದೊಂದು ಚರ್ಚೆಯುಂಟು. ಚರ್ಚೆ ಕುಶಲಕರ್ಮಿಗಳದಾದರೂ ಅದರ ತೀರ್ಪು ಭೌತಶಾಸ್ತ್ರದ ಕೈಯಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಅಲ್ಲಿ ಮುಖ್ಯವಾಗಿ ಎರಡು ಬಗೆಯ ಉಕ್ಕಿನ ಕೊಳವೆಗಳು ಬಳಕೆಯಲ್ಲಿವೆ. ಮೊದಲನೆಯದು ದಪ್ಪನೆಯ ಗಡುಸುಕೊಳವೆ. ಅದರ ತುದಿಯಲ್ಲಿ ತಿರುಪುಸುತ್ತು, ಎಂದರೆ ಥ್ರೆಡ್ಡನ್ನು ಕೊರೆದು, ಕಪ್ಲಿಂಗಿನೊಳಕ್ಕೆ ತಿರುಗಿಸಿ ಬಿಗಿಯುತ್ತಾರೆ. ಎರಡನೆಯದು ತೆಳುಕೊಳವೆ. ಅದಕ್ಕೆ ತಿರುಪುಸುತ್ತು ಇಲ್ಲ. ಕೊಳವೆಯನ್ನು ಕಪ್ಲಿಂಗಿನೊಳಕ್ಕೆ ತಳ್ಳಿ, ಪಕ್ಕದಿಂದ ಒಂದು ತಿರುಪುಮೊಳೆಯನ್ನು ಒತ್ತಿ ಹಿಡಿಸುತ್ತಾರೆ. ಇಲ್ಲವೆ ನಟ್ಟನ್ನು ಬಿಗಿದು, ಅದರೊಳಗಿನ ಉಂಗುರವು ಕೊಳವೆಯನ್ನು ಕಚ್ಚುವಂತೆ ಮಾಡುತ್ತಾರೆ. ಇವೆರಡರಲ್ಲಿ ಉತ್ತಮವಾದುದು ಯಾವುದೆಂದು ಕೇಳಿದರೆ, ಕೈಯಲ್ಲಿ ಹಿಡಿದು ನೋಡಿದವರೆಲ್ಲರೂ ಭಾರವಾದುದನ್ನೇ ತೋರಿಸುವರು. ಭಾರವಾದುದೇ ಭದ್ರವೆಂಬುದು ಮನುಷ್ಯನ ಸಹಜ ನಂಬಿಕೆ. ನಂಬಿಕೆಯನ್ನು ಅಳತೆಗೋಲಿಗೆ ಹಚ್ಚಿ ನೋಡುವುದು ವಿಜ್ಞಾನದ ಕೆಲಸ.

ಕೊಳವೆಗೆ ತಿರುಪುಸುತ್ತು ಬಂದುದು ಎಲ್ಲಿಂದ? ವಿದ್ಯುದ್ದೀಪಕ್ಕಿಂತ ಮೊದಲು ನಗರಗಳಲ್ಲಿ ಉರಿಯುತ್ತಿದ್ದುದು ಅನಿಲದ ದೀಪ. ಒತ್ತಡದಲ್ಲಿರುವ ಅನಿಲವಾಗಲಿ ಹಬೆಯಾಗಲಿ ಸೋರದಿರಬೇಕಾದರೆ ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ತಿರುಪುಸುತ್ತು ಬೇಕಾಯಿತು. ಬಿಗಿದಷ್ಟೂ ಅದು ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರಿಗ್ಸ್ ಎಂಬ ಇಂಜಿನಿಯರು ಅಮೆರಿಕದಲ್ಲಿ ಇದಕ್ಕೆ ನಿಶ್ಚಿತ ಅಳತೆಗಳನ್ನು ಕೊಟ್ಟನು. ವಿದ್ಯುತ್ತಿನ ಕೆಲಸಗಾರರು ಅದೇ ರೂಢಿಯನ್ನು ಮುಂದುವರಿಸಿದರು. ಆದರೆ ತಂತಿಯ ಕೊಳವೆಯಲ್ಲಿ ಒತ್ತಡದ ಅನಿಲವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈಗ ಅಳತೆಗಳನ್ನು ನೋಡೋಣ. ಅರ್ಧ ಅಂಗುಲದ್ದೆಂದು ಕರೆಯಲ್ಪಡುವ ಗಡುಸುಕೊಳವೆಯ ಗೋಡೆ ಸುಮಾರು 2.6 ಮಿ.ಮೀ. ದಪ್ಪವಿದೆ, ತೆಳುಕೊಳವೆಯದು ಸುಮಾರು 1.07 ಮಿ.ಮೀ. ಒಳಗಿನ ತೆರಪು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ, ಸುಮಾರು 16 ಮಿ.ಮೀ. ಉದ್ದಕ್ಕೆ ಸರಿಯಾಗಿ ತೂಗಿದರೆ ಗಡುಸುಕೊಳವೆ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಅಂಗುಲಕ್ಕೆ 14 ಸುತ್ತುಗಳಂತೆ ಕೊರೆಯುವಾಗ ಪ್ರತಿ ಸುತ್ತಿನ ಆಳ ಸುಮಾರು 1.45 ಮಿ.ಮೀ. ಆಗುತ್ತದೆ. 2.6ರಲ್ಲಿ 1.45 ಕಳೆದರೆ ಉಳಿಯುವುದೆಷ್ಟು? 1.2 ಮಿ.ಮೀ.ಗೂ ಕಡಿಮೆ! ಸುತ್ತನ್ನು ಪೂರ್ಣವಾಗಿ ಕೊರೆದ ತುದಿಯಲ್ಲಿ ದಪ್ಪ ಕೊಳವೆಯೂ ತೆಳುಕೊಳವೆಯ ಸ್ಥಿತಿಗೆ ಬಂದು ನಿಲ್ಲುತ್ತದೆ. ತೆಳುಕೊಳವೆಗೆ ಸುತ್ತನ್ನು ಕೊರೆಯದಿರುವ ಕಾರಣವೂ ಇಲ್ಲಿಯೇ ಇದೆ: ಕೊರೆಯಹೊರಟರೆ ಗೋಡೆಯೇ ಉಳಿಯದು. ಕಪ್ಲಿಂಗಿನ ಆಸರೆ ದಪ್ಪ ಕೊಳವೆಯ ತುದಿಯನ್ನು ಕಾಪಾಡುವುದು ನಿಜ. ನಡುವಿನ ಭಾಗದಲ್ಲಿ ಅದು ಹೆಚ್ಚು ಪೆಟ್ಟನ್ನು ತಾಳುವುದೂ ನಿಜ. ಆದರೆ ದಪ್ಪದ ಬಹುಪಾಲನ್ನು ಜೋಡಣೆಯ ಸಲುವಾಗಿಯೇ ತೆತ್ತಿದ್ದೇವೆಂಬುದನ್ನು ಮರೆಯಲಾಗದು.

ಇನ್ನು ಎರಡನೆಯ ಹೊಣೆ. ಪ್ರಾಣದ ಪ್ರಶ್ನೆಯಿರುವುದು ಇಲ್ಲಿ. 1897ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ಇಂದು ಈ ಎರಡು ಬಗೆಯ ಉಕ್ಕಿನ ಕೊಳವೆಗಳನ್ನೂ ಭೂಸಂಪರ್ಕದ ವಾಹಕಗಳೆಂದು ಒಪ್ಪುತ್ತದೆ. ಆದರೆ ವಾಹಕತ್ವವು ಕೊಳವೆಯ ದಪ್ಪಕ್ಕಿಂತ ಹೆಚ್ಚಾಗಿ ಜೋಡಣೆಯ ಬಿಗಿಯನ್ನು ಅವಲಂಬಿಸಿದೆ. ಅಲ್ಲಿಯ ಮನೆಗಳ 120 ವೋಲ್ಟಿನ ಸಾಲೊಂದನ್ನು 20 ಆಂಪೇರಿನ ರಕ್ಷಕವು ಕಾಯುತ್ತಿದೆಯೆನ್ನೋಣ. ತಂತಿ ಕೊಳವೆಗೆ ತಗುಲಿತು. ಸುತ್ತುದಾರಿಯ ಒಟ್ಟು ರೋಧ ಅರ್ಧ ಓಮ್ ಆದರೆ 240 ಆಂಪೇರು ಹರಿದು, ರಕ್ಷಕವು ಕ್ಷಣಮಾತ್ರದಲ್ಲಿ ಸಾಲನ್ನು ಕಡಿಯುತ್ತದೆ. ಒಂದೇ ಒಂದು ಜೋಡಣೆ ಸಡಿಲವಾಗಿ ಅಲ್ಲಿ 5.5 ಓಮ್ ರೋಧ ಸೇರಿಕೊಂಡಿತೆನ್ನಿ. ಆಗ ಹರಿಯುವುದು ಕೇವಲ 20 ಆಂಪೇರು. ಅದು ರಕ್ಷಕದ ಮಿತಿಯಾದುದರಿಂದ ಸಾಲು ಕಡಿಯದೆ ಹಾಗೆಯೇ ಉಳಿಯಬಹುದು. ಆ ಜೋಡಣೆಯ ಈಚೆಗಿನ ಕೊಳವೆ 110 ವೋಲ್ಟಿನಲ್ಲಿ ನಿಂತು, ಮುಟ್ಟುವ ಕೈಗಾಗಿ ಕಾದಿರುತ್ತದೆ. ಜೋಡಣೆಯಲ್ಲಿ 2,200 ವಾಟಿನ ಶಾಖ ಹುಟ್ಟುತ್ತದೆ. ನೀರು ಕಾಯಿಸುವ ಗೀಸರಿನ ಶಾಖದಷ್ಟು ಅದು! ಈ ಲೆಕ್ಕದಲ್ಲಿ ಕೊಳವೆಯ ದಪ್ಪದ ಮಾತೇ ಬರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ.

ಆದುದರಿಂದ ತೆಳುಕೊಳವೆಯನ್ನು ಅಗ್ಗದ ವಸ್ತುವೆಂದು ಹಳಿಯುವುದು ನ್ಯಾಯವಲ್ಲ. ಷಿಕಾಗೋ ನಗರದ ನಿಯಮಗಳು ವಾಸದ ಮನೆಗಳಲ್ಲಿಯೂ ಲೋಹದ ಕೊಳವೆಯನ್ನು ಬಯಸುತ್ತವೆ. ಅಲ್ಲಿ ಸಾಮಾನ್ಯವಾಗಿ ಬಳಸುವುದು ತೆಳುಕೊಳವೆಯನ್ನೇ. ಆದರೆ ಅದರ ಅಪಾಯವನ್ನೂ ಮುಚ್ಚಿಡಬಾರದು. ಒಂದು ತಿರುಪುಮೊಳೆಯನ್ನು ಬಿಗಿಯಲು ಮರೆತರೂ ಕೊಳವೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಸಂಹಿತೆಯು ಜೋಡಣೆಗಳನ್ನು ಬಿಗಿಯಾಗಿ ಕೂಡಿಸಬೇಕೆಂದೂ, ಕೊಳವೆಯನ್ನು ಸಾಮಾನ್ಯವಾಗಿ 10 ಅಡಿಗೊಮ್ಮೆ ಗೋಡೆಗೆ ಬಂಧಿಸಬೇಕೆಂದೂ ವಿಧಿಸಿರುವುದು ವೃಥಾ ಅಲ್ಲ.

ತಿರುಪುಸುತ್ತು ಹಾಗಾದರೆ ಕಾಲ ಮುಗಿದ ವಸ್ತುವೆ? ಅಲ್ಲ. ಪೆಟ್ರೋಲಿನ ಆವಿಯಂತಹ ಸ್ಫೋಟಕ ಅನಿಲ ಸುಳಿಯುವ ಎಡೆಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಪೆಟ್ಟಿಗೆಯೊಳಗೆ ಕಿಡಿ ಹಾರಿ ಅನಿಲ ಹೊತ್ತಿಕೊಂಡರೂ, ಬಿಸಿ ಅನಿಲವು ಸುತ್ತುಗಳ ಸಂದಿಯಲ್ಲಿ ಸುತ್ತಿಸುತ್ತಿ ಹೊರಬರುವಷ್ಟರಲ್ಲಿ ಲೋಹಕ್ಕೆ ಶಾಖವನ್ನು ಕಳೆದುಕೊಂಡು ತಣಿಯುತ್ತದೆ. ಹೊರಗಿನ ಅನಿಲವನ್ನು ಹೊತ್ತಿಸಲಾರದು. 1815ರಲ್ಲಿ ಹಂಫ್ರಿ ಡೇವಿ ಗಣಿಗಾರರಿಗಾಗಿ ರಚಿಸಿದ ದೀಪದ ತಂತಿಬಲೆ ಮಾಡಿದ ಕೆಲಸವೂ ಇದೇ. ಇಂತಹ ಕಡೆ ಸಾಮಾನ್ಯವಾಗಿ ಕನಿಷ್ಠ 5 ಸುತ್ತುಗಳು ಪೂರ್ಣವಾಗಿ ಹಿಡಿದಿರಬೇಕೆಂಬುದು ನಿಯಮ. ಬಲವಾದ ಪೆಟ್ಟು ಬೀಳುವ ಕಾರ್ಖಾನೆಯ ಮೂಲೆಗಳಲ್ಲಿಯೂ ದಪ್ಪ ಕೊಳವೆಯೇ ತಕ್ಕುದು. ಉಳಿದೆಡೆ ತೆಳುಕೊಳವೆ ಸಾಕು. ಆದರೆ ಎರಡರಲ್ಲಿ ಯಾವುದನ್ನು ಬಳಸಿದರೂ ಅದರೊಳಗೆ ಭೂಸಂಪರ್ಕಕ್ಕೆಂದೇ ಬೇರೊಂದು ತಂತಿಯನ್ನು ಎಳೆಯಬೇಕೆಂಬುದು ನಮ್ಮ ಮತ. ಹತ್ತಾರು ಜೋಡಣೆಗಳ ಸರಪಳಿಗೆ ಪ್ರಾಣವನ್ನು ಕಟ್ಟುವುದಕ್ಕಿಂತ ಅಖಂಡವಾದ ಒಂದು ತಂತಿಗೆ ಕಟ್ಟುವುದು ಲೇಸು.

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಮನೆಗಳಲ್ಲಿ ಇಂದು ಹೆಚ್ಚಾಗಿರುವುದು ಪ್ಲಾಸ್ಟಿಕ್ ಕೊಳವೆ. ಅದು ವಿದ್ಯುತ್ತನ್ನು ಒಯ್ಯಲಾರದು. ನಮ್ಮಲ್ಲಿಯ ವೋಲ್ಟಿನ ಪ್ರಮಾಣವೋ 230. ಇಲ್ಲಿ ಭೂಸಂಪರ್ಕದ ಹಸಿರು ತಂತಿಯನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಗೋಡೆಯನ್ನು ಮುಚ್ಚುವ ಮುನ್ನ ಆ ತಂತಿ ಎಲ್ಲ ಪೆಟ್ಟಿಗೆಗಳನ್ನೂ ಮುಟ್ಟಿದೆಯೆ, ಅದರ ಜೋಡಣೆಗಳು ಬಿಗಿಯಾಗಿವೆಯೆ ಎಂದು ಬಲ್ಲವರಿಂದ ಅಳೆಸಿ ನೋಡುವ ಮನೆಗಳು ಎಷ್ಟಿವೆ? ಓಮನ ನಿಯಮವನ್ನು ಪರೀಕ್ಷೆಗಾಗಿ ಕಲಿತ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿದರೆ, ಆ ಪಾಠವನ್ನು ಕಲಿಸಿದ ನಮ್ಮ ಶ್ರಮ ಸಾರ್ಥಕವಾಗುವುದು.