ಪ್ರತಿ ಮಾಡದೆ ಅಳಿಸಬೇಡಿ



ಈಚೆಗೆ ಕೃಷ್ಣರಾಜಪೇಟೆ ತಾಲ್ಲೂಕಿನ ರೈತ ಗೃಹಸ್ಥರೊಬ್ಬರು ಬಿ.ಕಾಂ. ಓದುತ್ತಿರುವ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಮಗಳ ಕೈಯಲ್ಲಿ ಲ್ಯಾಪ್‌ಟಾಪು. ತಂದೆಯ ಚೀಲದಲ್ಲಿ ಹಳೆಯದೊಂದು ಡಿ.ವಿ.ಡಿ. ತಟ್ಟೆ. "ಬುದ್ಧಿ, ಇದು ಎದ್ದೇಳ್ತಾನೇ ಇಲ್ಲ. ವಿಂಡೋಸ್ ತಟ್ಟೆ ಐತೆ, ಹಾಕಾಣ ಅಂದ್ರೆ ಇದ್ಕೆ ಬಾಯೇ ಇಲ್ವಲ್ಲ!" ಎಂದರು. ಅಂಗಡಿಯವರೊಬ್ಬರು ಹೊಸ ಯಂತ್ರವನ್ನೇ ಕೊಳ್ಳುವಂತೆ ಹೇಳಿದ್ದರಂತೆ. ಕಬ್ಬಿನ ಹಣ ಇನ್ನೂ ಕೈಗೆ ಬಂದಿರಲಿಲ್ಲ. ಮಗಳ ಚಿಂತೆ ಬೇರೆಯೇ ಆಗಿತ್ತು. ಎರಡು ವರ್ಷಗಳ ಹಿಂದೆ ಲಿಂಗೈಕ್ಯರಾದ ಅಜ್ಜಿಯ ಸೋಬಾನೆ ಪದಗಳನ್ನು ಅವಳು ಧ್ವನಿಮುದ್ರಿಸಿದ್ದಳು. ಅವು ಆ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ.

ಇಂತಹ ಪ್ರಸಂಗ ಅನೇಕ ಮನೆಗಳಲ್ಲಿ ಒದಗುತ್ತಿರುವುದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಗಣಕಯಂತ್ರವು ಜಡ ಶರೀರವಿದ್ದಂತೆ. ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್ ಮೊದಲಾದವು ಈ ಜಾತಿಯವು. 1995ರಲ್ಲಿ ವಿಂಡೋಸ್ 95 ಫ್ಲಾಪಿಗಳಲ್ಲಿಯೂ ಬರುತ್ತಿತ್ತು. ಹದಿಮೂರು ಫ್ಲಾಪಿಗಳನ್ನು ಒಂದಾದಮೇಲೊಂದರಂತೆ ಹಾಕಬೇಕಾಗಿತ್ತು. ಬಳಿಕ 700 ಎಂ.ಬಿ. ಹಿಡಿಸುವ ಸಿ.ಡಿ., ತರುವಾಯ 4.7 ಜಿ.ಬಿ. ಹಿಡಿಸುವ ಡಿ.ವಿ.ಡಿ. ಬಂದವು. 2008ರಲ್ಲಿ ಆಪಲ್ ಸಂಸ್ಥೆಯ ಮ್ಯಾಕ್‌ಬುಕ್ ಏರ್ ತಟ್ಟೆಯ ಪೆಟ್ಟಿಗೆಯನ್ನು ಬಿಟ್ಟು ತೆಳುವಾಗಿ ಹೊರಬಂದಿತು. ಕ್ರಮೇಣ ಉಳಿದ ತಯಾರಕರೂ ಆ ದಾರಿಯನ್ನೇ ಹಿಡಿದರು. ಇಂದಿನ ವಿಂಡೋಸ್ 11 ಸಾಮಾನ್ಯ ಡಿ.ವಿ.ಡಿ.ಯಲ್ಲಿ ಹಿಡಿಸುವುದೂ ಇಲ್ಲ. ತಟ್ಟೆಯ ಸ್ಥಾನದಲ್ಲಿ ಈಗ ಹೆಬ್ಬೆರಳಿನಷ್ಟು ಪೆನ್‌ಡ್ರೈವ್ ಇದೆ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ತಾಂತ್ರಿಕ ವಿದ್ಯೆ ಕಲಿಯುತ್ತಿರುವ, ನಮಗೆ ಪರಿಚಿತನಾದ ಹುಡುಗನೊಬ್ಬನನ್ನು ಕರೆಸಿದೆವು. ಅವನು ಬಂದವನೇ, "ಗುರುಗಳೇ, ಅರ್ಧ ಗಂಟೆ ಸಾಕು, ಎಲ್ಲ ಅಳಿಸಿ ಹೊಸದು ಹಾಕಿಬಿಡುತ್ತೇನೆ" ಎಂದನು. "ತಡೆ ಮಗು" ಎಂದೆವು. ಹಾಗೆನ್ನಲು ನಮ್ಮ ಸ್ವಂತ ಅನುಭವವೇ ಕಾರಣ.

ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ನಮ್ಮ ಗಣಕಯಂತ್ರವನ್ನು ದುರಸ್ತಿಗೆ ಕೊಟ್ಟಿದ್ದೆವು. "ಹೊಸದಾಗಿ ಹಾಕಲೇ?" ಎಂದು ಕೇಳಿದಾಗ "ಆಗಲಿ" ಎಂದೆವು. ಹೊಸದಾಗಿ ಹಾಕುವುದೆಂದರೆ ಹಳೆಯದೆಲ್ಲವೂ ಹೋಗುವುದೆಂದು ನಮಗೆ ತಿಳಿದಿರಲಿಲ್ಲ, ಅವರೂ ಹೇಳಲಿಲ್ಲ. ಹನ್ನೊಂದು ವರ್ಷಗಳ ಬರವಣಿಗೆ ಅಳಿಸಿಹೋಯಿತು. ಅಚ್ಚಾಗಿದ್ದಷ್ಟು ಉಳಿಯಿತು, ಅಚ್ಚಾಗದ್ದು ಮರಳಲಿಲ್ಲ. ಅವರ ಮೇಲೆ ದೂರಿಲ್ಲ; ಪ್ರತಿ ಮಾಡಿಡದಿದ್ದ ತಪ್ಪು ನಮ್ಮದೇ. ಓಲೆಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿ ಮಾಡಬೇಕೆಂದು ಮಠದಲ್ಲಿ ಹಿರಿಯರು ಕಲಿಸಿದ್ದರು. ನಮ್ಮ ನೆರೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ಓಲೆಗರಿಗಳನ್ನು ಕಾಪಾಡುತ್ತಿರುವುದನ್ನು ಕಣ್ಣಾರೆ ಕಂಡಿದ್ದೆವು. ಆದರೂ ಆ ಪಾಠವನ್ನು ಗಣಕಯಂತ್ರಕ್ಕೆ ಅನ್ವಯಿಸಿಕೊಳ್ಳಲಿಲ್ಲ.

ಎದ್ದೇಳದ ಯಂತ್ರದಿಂದ ಪ್ರತಿ ತೆಗೆಯುವುದು ಹೇಗೆ? ಇಲ್ಲಿಯೇ ಪೆನ್‌ಡ್ರೈವಿನ ವೈಶಿಷ್ಟ್ಯವಿದೆ. ಉಬುಂಟು, ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಗಳು ಯಂತ್ರದೊಳಗಿನ ಡಿಸ್ಕನ್ನು ಬದಲಿಸದೆ, ಪೆನ್‌ಡ್ರೈವಿನಿಂದಲೇ ಚಾಲನೆಗೊಳ್ಳಬಲ್ಲವು. ಹುಡುಗನು ಮಾಡಿದ ಕ್ರಮವನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, 8 ಜಿ.ಬಿ. ಅಥವಾ ಹೆಚ್ಚಿನ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಯುವುದರಿಂದ ಖಾಲಿಯದನ್ನೇ ಆರಿಸತಕ್ಕದ್ದು. ಸರಿಯಾಗಿರುವ ಬೇರೊಂದು ಗಣಕಯಂತ್ರದಲ್ಲಿ, ತಯಾರಕರ ಸ್ವಂತ ಜಾಲತಾಣದಿಂದಲೇ ವ್ಯವಸ್ಥೆಯ ಐ.ಎಸ್.ಒ. ಕಡತವನ್ನು ಇಳಿಸಿಕೊಳ್ಳಬೇಕು.

ಎರಡನೆಯದಾಗಿ, ಆ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಯಂತ್ರವು ಅದರಿಂದ ಏಳುವುದಿಲ್ಲ. ಬಹು ಜನರು ಎಡವುವುದು ಇಲ್ಲಿಯೇ. ರುಫಸ್ ಎಂಬ ಉಚಿತ ತಂತ್ರಾಂಶದ ಮೂಲಕ ಅದನ್ನು ಬರೆಯಬೇಕು. ವಿಂಡೋಸ್ ಬೇಕಾದವರಿಗೆ ಮೈಕ್ರೋಸಾಫ್ಟ್ ಸಂಸ್ಥೆಯೇ ಮೀಡಿಯಾ ಕ್ರಿಯೇಷನ್ ಟೂಲ್ ಎಂಬ ಸಾಧನವನ್ನು ಉಚಿತವಾಗಿ ಕೊಡುತ್ತದೆ.

ಮೂರನೆಯದಾಗಿ, ಪೆನ್‌ಡ್ರೈವನ್ನು ಚುಚ್ಚಿ, ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ತಯಾರಕರಿಂದ ತಯಾರಕರಿಗೆ ಇದು ಬೇರೆಯಾಗುತ್ತದೆ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಬೇಕು.

ಅಷ್ಟಾಗುತ್ತಲೇ ಪರದೆ ಬೆಳಗಿತು. ಅನುಸ್ಥಾಪಿಸದೆ ಪರೀಕ್ಷಿಸುವ ಆಯ್ಕೆಯನ್ನು ಹುಡುಗನು ಒತ್ತಿ, ಒಳಗಿನ ಡಿಸ್ಕನ್ನು ತೆರೆದನು. ಅಜ್ಜಿಯ ಪದಗಳೆಲ್ಲವೂ ಅಲ್ಲಿಯೇ ಇದ್ದವು! ಅವುಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ಪ್ರತಿ ಮಾಡಿ, ಬೇರೆ ಯಂತ್ರದಲ್ಲಿ ತೆರೆದು ಕೇಳಿದೆವು. ತಂದೆ ತಲೆ ತಗ್ಗಿಸಿ ಕುಳಿತು ಕೇಳಿದರು, ಏನೂ ಮಾತಾಡಲಿಲ್ಲ. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಾದರೆ ಹೀಗೆ ಓದಲು ಅದರ ಕೀಲಿಸಂಖ್ಯೆ ಬೇಕಾಗುವುದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಕ್ಷೇಮ.

ಅನಂತರವೇ ಅನುಸ್ಥಾಪನೆ. ಡಿಸ್ಕನ್ನು ಅಳಿಸಲೇ ಎಂದು ಯಂತ್ರವು ಕೇಳುವಲ್ಲಿ ಒಮ್ಮೆ ನಿಂತು ಯೋಚಿಸಬೇಕು; ಅದಾದಮೇಲೆ ಹಿಂದಿರುಗುವ ದಾರಿಯಿಲ್ಲ. ನಡುವೆ ವಿದ್ಯುತ್ತು ಹೋದೀತೆಂದು ಬ್ಯಾಟರಿಯನ್ನು ತುಂಬಿಸಿಟ್ಟುಕೊಳ್ಳಬೇಕು.

ಯಾವ ವ್ಯವಸ್ಥೆಯನ್ನು ಹಾಕಬೇಕು? ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ, 4 ಜಿ.ಬಿ. ಸ್ಮೃತಿ, 64 ಜಿ.ಬಿ. ಸ್ಥಳ ಹಾಗೂ ತಯಾರಕರು ಅನುಮೋದಿಸಿದ ಪ್ರೊಸೆಸರ್ ಇರಬೇಕು. ಇವಿಲ್ಲದ ಯಂತ್ರಗಳನ್ನು ಎಸೆಯಬೇಕಾಗಿಲ್ಲ, ಲಿನಕ್ಸ್ ಸಾಕಾಗುವುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ, ಕಲಿಕೆ ನಡೆಯುವುದು ಉಬುಂಟು ಆಧರಿಸಿದ ಕೈಟ್ ಗ್ನೂ/ಲಿನಕ್ಸ್‌ನಲ್ಲಿಯೇ. ಅದರ 22.04ನೇ ಆವೃತ್ತಿ 2024ರಲ್ಲಿ ಬಂದಿತು.

ಕನ್ನಡಕ್ಕೂ ಕೊರತೆಯಿಲ್ಲ. ನುಡಿ ತಂತ್ರಾಂಶದಲ್ಲಿ ರೂಢಿಯಾಗಿರುವ ಕಗಪ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿ ಅಡಕವಾಗಿಯೇ ಇದೆ. ಆದರೆ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಕಡತಗಳು ಆ ಅಕ್ಷರಶೈಲಿಯಿಲ್ಲದೆ ಅರ್ಥವಾಗದ ಚಿಹ್ನೆಗಳಾಗಿ ಕಾಣುವುವು; ಆದಕಾರಣ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು.

ಹುಡುಗಿಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದ್ದಾಯಿತು. ತಂತ್ರಾಂಶಕ್ಕೆ ಹಣ ತೆರಬೇಕಾಗಲಿಲ್ಲ. ಹುಡುಗನು ಒಂದು ಲೋಟ ಮಜ್ಜಿಗೆಯ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಆ ತಂದೆ ಹಳೆಯ ಡಿ.ವಿ.ಡಿ.ಯನ್ನು ಮೇಜಿನ ಮೇಲೆಯೇ ಬಿಟ್ಟು, ಅಜ್ಜಿಯ ಪದಗಳಿದ್ದ ಪೆನ್‌ಡ್ರೈವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. "ಒಂದು ಪ್ರತಿ ಸಾಲದು, ಇನ್ನೊಂದನ್ನು ಮಾಡಿ ಮಗಳ ಅತ್ತೆಯ ಮನೆಯಲ್ಲಿಡಿ" ಎಂದು ಹೇಳಿ ಕಳುಹಿಸಿದೆವು.

ನಿಮ್ಮ ಮನೆಯ ಯಂತ್ರದಲ್ಲಿಯೂ ಹಿರಿಯರ ಧ್ವನಿ, ಮಕ್ಕಳ ಭಾವಚಿತ್ರ, ಜಮೀನಿನ ಲೆಕ್ಕಪತ್ರಗಳು ಇದ್ದಾವು. ಯಂತ್ರವು ಕೆಡುವವರೆಗೆ ಕಾಯದೆ, ಈ ವಾರವೇ ಪ್ರತಿ ಮಾಡಿಡಿ.